ಹಿಂಬಾಗಿಲ ಚರಿತ್ರೆ: ನಗರ, ಆರೋಗ್ಯ, ಬಂಡವಾಳ

1

ನಮ್ಮ ತಾತ ಇಪ್ಪತ್ತು ವರ್ಷ ದುಡಿದ ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಅವರಿಗೆ ಯಾವ ಮನೆಯ ಮುಂಬಾಗಿಲೂ ಗೊತ್ತಿರಲಿಲ್ಲ. ನಾನು ಎಂ.ಎ. ಓದುತ್ತಿದ್ದಾಗ ಒಂದು ದಿನ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮುಖ್ಯರಸ್ತೆಯಲ್ಲಿ ಅವರು ದಾರಿ ತಪ್ಪಿದವರ ಹಾಗೆ ನಿಂತುಬಿಟ್ಟರು. ಎರಡು ಮನೆಸಾಲುಗಳ ನಡುವಿನ ಸಂದಿಗೆ ತಿರುಗಿದ್ದೇ ತಡ, ಅವರ ಕಾಲಿಗೆ ದಾರಿ ಸಿಕ್ಕಿತು. 'ಇದು ಸೀಬೆಮರದ ಮನೆ. ಇದು ನಾಯಿ ಬಿಡ್ತಿದ್ದ ಮನೆ. ಇಲ್ಲಿ ಅಮ್ಮನೋರು ಹಬ್ಬದ ದಿನ ಕಾಂಪೌಂಡ್ ಗೋಡೆ ಮೇಲೆ ಎಲೆ ಇಟ್ಟು ಒಳಕ್ಕೋಗೋರು.' ಸೀಬೆಮರ ಈಗಿಲ್ಲ. ಗೋಡೆ ಇದೆ. ಗೋಡೆಯ ಬುಡದಲ್ಲಿ ಇಟ್ಟಿಗೆ ಇಟ್ಟು ಮುಚ್ಚಿದ ಒಂದು ಚೌಕದ ಗುರುತೂ ಇದೆ. ತಾತ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಈ ಮಾತನ್ನೆಲ್ಲ ಅವರು ಹೇಳಿದ್ದು ತೆಲುಗಿನಲ್ಲಿ. ಮನೇಲಿ ತೆಲುಗು, ಬೀದೀಲಿ ಕನ್ನಡ. ಇದು ಬೆಂಗಳೂರಿನ ಬೀದಿ ಗುಡಿಸಿದ ಬಹುಪಾಲು ಮಾದಿಗ ಕುಟುಂಬಗಳ ಭಾಷಾ ಚರಿತ್ರೆ. ಆ ಸಂದಿಗೆ ಮುನಿಸಿಪಾಲಿಟಿಯ ದಾಖಲೆಯಲ್ಲಿ ಒಂದು ಇಂಗ್ಲಿಷ್ ಹೆಸರಿದೆ: ಕನ್ಸರ್ವೆನ್ಸಿ ಲೇನ್. ಮಲದ ಬಕೆಟ್ಟು ಹೊತ್ತವರು ಮನೆಯವರ ಕಣ್ಣಿಗೆ ಬೀಳದಂತೆ ಬಂದು ಹೋಗಲಿ ಎಂದು ಕಟ್ಟಿದ ದಾರಿ ಅದು.

ಇವತ್ತು ನಗರಗಳ ಬಗ್ಗೆ ಮಾತಾಡುವವರೆಲ್ಲ 'ಸುಸ್ಥಿರ' ಎಂಬ ಪದ ಬಳಸುತ್ತಿದ್ದಾರೆ. ಗಾಳಿ ಬೆಳಕು ಚೆನ್ನಾಗಿರುವ, ನೀರು ಮತ್ತು ವಿದ್ಯುತ್ತು ಉಳಿಸುವ ಕಟ್ಟಡದಲ್ಲಿ ಜನ ಆರೋಗ್ಯವಾಗಿರುತ್ತಾರೆ, ಆರೋಗ್ಯವಂತರು ಹೆಚ್ಚು ದುಡಿಯುತ್ತಾರೆ, ಆದ್ದರಿಂದ ಇಂಥ ಕಟ್ಟಡಕ್ಕೆ ಬಂಡವಾಳ ಹೂಡುವುದು ಲಾಭ ಎಂಬುದು ಅವರ ವಾದ. ಈ ಮಾತು ಸುಳ್ಳಲ್ಲ. ಆದರೆ ಹೊಸದೂ ಅಲ್ಲ. ಆರೋಗ್ಯವನ್ನು ಬಂಡವಾಳದ ಲೆಕ್ಕಕ್ಕೆ ಸೇರಿಸಿಯೇ ನಮ್ಮ ಆಧುನಿಕ ನಗರಗಳು ಎದ್ದಿದ್ದು. ನನ್ನ ಪ್ರಶ್ನೆ ಬೇರೆ. ಆ ಲೆಕ್ಕದ ಪುಸ್ತಕದಲ್ಲಿ ನಮ್ಮ ತಾತನ ಹೆಸರು ಯಾವ ಕಡೆ ಬರೆದಿದೆ? ಆದಾಯದ ಕಡೆಗೋ, ಖರ್ಚಿನ ಕಡೆಗೋ? ಅಥವಾ ಬರೆದೇ ಇಲ್ಲವೋ? ಈ ಲೇಖನ ನಗರದ ಚರಿತ್ರೆಯನ್ನು ಆ ಸಂದಿಯಿಂದ ಓದುವ ಒಂದು ಪ್ರಯತ್ನ.

2

ಕಾಯಿಲೆಗೂ ಕಾಸಿಗೂ ಲೆಕ್ಕ ಹಾಕುವುದನ್ನು ಆಧುನಿಕ ಆಡಳಿತಕ್ಕೆ ಕಲಿಸಿದವರಲ್ಲಿ ಇಂಗ್ಲೆಂಡಿನ ಎಡ್ವಿನ್ ಚಾಡ್ವಿಕ್ ಪ್ರಮುಖ. ದುಡಿಯುವ ಜನರ ನೈರ್ಮಲ್ಯ ಸ್ಥಿತಿಯ ಬಗ್ಗೆ 1842ರಲ್ಲಿ ಬಂದ ಅವನ ವರದಿಯ ತರ್ಕ ಸರಳವಾಗಿತ್ತು. ಕೊಳಕಿನಿಂದ ಕಾಯಿಲೆ ಬಂದು ದುಡಿಯುವ ಗಂಡಸು ಸತ್ತರೆ ಅವನ ಹೆಂಡತಿ ಮಕ್ಕಳನ್ನು ಸಾಕುವ ಹೊರೆ ತೆರಿಗೆ ಕಟ್ಟುವವರ ಮೇಲೆ ಬೀಳುತ್ತದೆ. ಅದಕ್ಕಿಂತ ಚರಂಡಿ ಕಟ್ಟಿಸುವುದೇ ಅಗ್ಗ. ಕೆಟ್ಟ ವಾಸನೆಯೇ ರೋಗ ತರುತ್ತದೆ ಎಂದು ಅವನು ನಂಬಿದ್ದ. ಅದು ತಪ್ಪು ತಿಳಿವಳಿಕೆ. ಆದರೂ ಚರಂಡಿಗಳು ಜೀವ ಉಳಿಸಿದವು. 1848ರಲ್ಲಿ ಅಲ್ಲಿ ಸಾರ್ವಜನಿಕ ಆರೋಗ್ಯದ ಕಾಯಿದೆ ಬಂತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿದ ಮೇಲೆ ಲಂಡನ್ನಿನ ದೊಡ್ಡ ಒಳಚರಂಡಿಗೆ ಹಣ ಸಿಕ್ಕಿತು.

ಈ ತರ್ಕ ಹಡಗು ಹತ್ತಿ ನಮ್ಮಲ್ಲಿಗೆ ಬಂದಾಗ ಅದಕ್ಕೆ ಒಂದು ತಿದ್ದುಪಡಿಯಾಯಿತು. ನನ್ನ ವಾದದ ಕೀಲು ಇರುವುದು ಇಲ್ಲೇ. ಇಂಗ್ಲೆಂಡಿನಲ್ಲಿ ಮನುಷ್ಯನ ಸಾವಿಗಿಂತ ಚರಂಡಿ ಅಗ್ಗವಾಗಿತ್ತು. ಇಲ್ಲಿ ಚರಂಡಿಗಿಂತ ಮನುಷ್ಯ ಅಗ್ಗವಾಗಿದ್ದ. ಜಾತಿ ಅವನನ್ನು ಹುಟ್ಟಿನಿಂದಲೇ ಸಿದ್ಧಮಾಡಿ ಕೊಟ್ಟಿತ್ತು. ಅವನಿಗೆ ತರಬೇತಿ ಬೇಡ, ಉಪಕರಣ ಬೇಡ, ಓಡಿಹೋಗುತ್ತಾನೆಂಬ ಭಯವೂ ಇಲ್ಲ. ವಸಾಹತುಶಾಹಿ ಎಂಜಿನಿಯರು ಮತ್ತು ಸಂಸ್ಥಾನದ ದಿವಾನರು ಪೈಪಿನ ಬದಲಿಗೆ ಜಾತಿಯನ್ನು ಹೂಳಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಜನ ಊರು ಬಿಟ್ಟು ಓಡಿದರು, ಗಿರಣಿಗಳಿಗೆ ಕೂಲಿಯವರು ಸಿಗದಂತಾಯಿತು. ಯುರೋಪಿನ ದೇಶಗಳು 1897ರಲ್ಲಿ ವೆನಿಸ್ಸಿನಲ್ಲಿ ಸೇರಿ, ಪ್ಲೇಗಿರುವ ಬಂದರಿನಿಂದ ಬರುವ ಹಡಗುಗಳ ಮೇಲೆ ಕಟ್ಟುಪಾಡು ಹಾಕಿದವು. ಬಡವರ ಕಾಯಿಲೆ ವ್ಯಾಪಾರದ ಕಾಯಿಲೆಯಾಯಿತು. 1898ರಲ್ಲಿ ಮುಂಬಯಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿದ್ದು ಹೀಗೆ. ಅದು ಕಿಕ್ಕಿರಿದ ಮೊಹಲ್ಲಾಗಳನ್ನು ಕೆಡವಿ ಸಮುದ್ರದ ಗಾಳಿ ಒಳಬರಲೆಂದು ಅಗಲ ರಸ್ತೆ ಹಾಕಿತು. ಕೂಲಿಯವರಿಗೆ ಚಾಳುಗಳನ್ನೂ ಕಟ್ಟಿಸಿತು. ಪರೇಲಿನಲ್ಲಿದ್ದ ಅಂಥದೊಂದು ಟ್ರಸ್ಟ್ ಚಾಳಿನಲ್ಲಿಯೇ ಅಂಬೇಡ್ಕರ್ 1912ರಿಂದ 1934ರವರೆಗೆ ಸುಮಾರು 22 ವರ್ಷ ಬದುಕಿದ್ದು. ಮಹಾಡ್ ಕೆರೆಯ ಸತ್ಯಾಗ್ರಹ ನಡೆಸಿದ 1927ರಲ್ಲಿ ಅವರ ವಿಳಾಸ ಅದೇ. ನಗರದ ಆರೋಗ್ಯಕ್ಕಾಗಿ ಬಂಡವಾಳ ಕಟ್ಟಿದ ಚಾಳು, ನೀರಿನ ಹಕ್ಕು ಕೇಳುವ ನಾಯಕನಿಗೆ ಸೂರೂ ಆಯಿತು. ನಗರ ನಮಗೆ ಬರೀ ಶತ್ರುವಲ್ಲ ಎಂಬುದನ್ನು ಮರೆಯಬಾರದು. ನಮ್ಮ ಜಗಳ ನಗರದ ಜೊತೆಗಲ್ಲ, ಅದರ ನಕ್ಷೆಯ ಜೊತೆಗೆ.

ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರ ಆಗಸ್ಟಿನಲ್ಲಿ, ರೈಲಿನ ದಾರಿಯಲ್ಲಿ. ಪೇಟೆಯ ಮನೆಗಳನ್ನು ಖಾಲಿಮಾಡಿಸಿದರು, ಜನರನ್ನು ಊರ ಹೊರಗಿನ ಶಿಬಿರಗಳಿಗೆ ಸಾಗಿಸಿದರು. ಪ್ಲೇಗಮ್ಮನ ಗುಡಿಗಳು ಎದ್ದವು. 1892ರಿಂದಲೇ ಕಾಗದದ ಮೇಲಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳಿಗೆ ಪ್ಲೇಗು ಜೀವ ಕೊಟ್ಟಿತು. ನೇರ ರಸ್ತೆ, ಅಳತೆಯ ನಿವೇಶನ, ಗುಡಿ, ಉದ್ಯಾನ, ಎಲ್ಲಕ್ಕೂ ಜಾಗ ಸಿಕ್ಕಿತು. ನಿವೇಶನಗಳನ್ನು ಜಾತಿವಾರು ಬ್ಲಾಕುಗಳಾಗಿ ವಿಂಗಡಿಸಿದ್ದೂ ಆ ನಕ್ಷೆಯಲ್ಲಿ ಇತ್ತು. 1910ರ ಹೊತ್ತಿಗೆ ದಂಡು ಪ್ರದೇಶದಲ್ಲಿ, ಇಲಿ ನುಗ್ಗದಂಥ ಮನೆಗಳ ಬಡಾವಣೆಯೆಂದು ಫ್ರೇಜರ್ ಟೌನ್ ಎದ್ದಿತು.

ಈ ಬಡಾವಣೆಗಳ ಹಳೆಯ ಮನೆಗಳನ್ನು ಇವತ್ತಿನ ವಾಸ್ತುಶಿಲ್ಪಿಗಳು ಬಾಯಿತುಂಬ ಹೊಗಳುತ್ತಾರೆ. ಮಂಗಳೂರು ಹೆಂಚು, ದಪ್ಪ ಗೋಡೆ, ಎತ್ತರದ ಸೂರು, ಜಗಲಿ, ಎದುರುಬದುರು ಕಿಟಕಿ, ಹಿತ್ತಲಲ್ಲಿ ಬಾವಿ ಮತ್ತು ಮರ. ಫ್ಯಾನಿಲ್ಲದೆ ತಂಪು, ದೀಪವಿಲ್ಲದೆ ಬೆಳಕು. 'ಸುಸ್ಥಿರ ಕಟ್ಟಡ'ಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಬೇಕಾ ಅಂತ ಕೇಳುತ್ತಾರೆ. ಹೊಗಳಲಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಮನೆಯ ಕೊನೆಯ ಕೋಣೆಯನ್ನೂ ನೋಡಬೇಕು. ಕಕ್ಕಸು ನಿವೇಶನದ ತುತ್ತತುದಿಯಲ್ಲಿ, ಸಂದಿಗೆ ಬೆನ್ನು ಮಾಡಿಕೊಂಡಿತ್ತು. ಕೆಳಗೆ ಬಕೆಟ್ಟು. ಬಕೆಟ್ಟನ್ನು ಹೊರಗಿನಿಂದಲೇ ಎಳೆದುಕೊಳ್ಳಲು ಗೋಡೆಯ ಬುಡದಲ್ಲಿ ಒಂದು ಗಿಂಡಿ. ಮನೆಯೊಳಗೆ ಕೂತವರಿಗೂ ಸಂದಿಯಲ್ಲಿ ಬಗ್ಗಿದವರಿಗೂ ನಡುವೆ ಒಂದೇ ಗೋಡೆ. ಆದರೂ ಒಬ್ಬರ ಮುಖ ಒಬ್ಬರಿಗೆ ಕಾಣಿಸದ ಹಾಗೆ ಎಂಜಿನಿಯರು ಏರ್ಪಾಡು ಮಾಡಿದ್ದ. ಹಳ್ಳಿಯಲ್ಲಿ ಕೇರಿ ಊರ ಹೊರಗಿತ್ತು. ನಗರ ಆ ಕೇರಿಯನ್ನು ಪ್ರತಿ ಮನೆಯ ಹಿಂಗೋಡೆಯವರೆಗೆ ತಂದು, ಅಳತೆ ಹಾಕಿ, ನಕ್ಷೆಯಲ್ಲಿ ಸೇರಿಸಿತು. ಅಸ್ಪೃಶ್ಯತೆಯನ್ನು ಇಟ್ಟಿಗೆ ಗಾರೆಯಲ್ಲಿ ಕಟ್ಟುವುದು ಅಂದರೆ ಇದು.

3

ಬಂಡವಾಳ ಎಲ್ಲವನ್ನೂ ಬದಲಿಸುತ್ತೆ, ದುಡ್ಡು ಬಂದ ಕಡೆ ಜಾತಿ ತಾನಾಗಿ ಕರಗುತ್ತೆ ಅನ್ನೋ ವಾದವೊಂದಿದೆ. ಅದಕ್ಕೆ ಉತ್ತರ ಬೇಕಾದವರು ಕೋಲಾರದ ಚಿನ್ನದ ಗಣಿಗೆ ಹೋಗಿ ಬರಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಲಂಡನ್ನಿನ ಷೇರುದಾರರ ಬಂಡವಾಳ, ಮೈಸೂರು ಸಂಸ್ಥಾನಕ್ಕೆ ರಾಜಧನ, ಉತ್ತರ ಆರ್ಕಾಟಿನಿಂದ ಬಂದ ಆದಿದ್ರಾವಿಡರ ಮೈಬೆವರು. ಈ ಮೂರೂ ಸೇರಿ ಕೆ.ಜಿ.ಎಫ್. ಆಯಿತು.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಹರಿದು ಈ ಗಣಿಗಳಿಗೆ ಮುಟ್ಟಿತು. ಬೆಂಗಳೂರಿನ ಬೀದಿಗೆ ಅದೇ ವಿದ್ಯುತ್ತು ಬಂದಿದ್ದು 1905ರಲ್ಲಿ. ಅಂದರೆ ರಾಜ್ಯದ ದೊಡ್ಡ ನಗರಕ್ಕಿಂತ ಮೊದಲು ಬೆಳಕು ಕಂಡಿದ್ದು ಚಿನ್ನ. ಬಿಳಿಯ ಅಧಿಕಾರಿಗಳಿಗೆ ತೋಟದ ನಡುವೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಆಸ್ಪತ್ರೆ. ಕೂಲಿಯವರಿಗೆ ಬಿದಿರ ತಟ್ಟಿಯ ಗುಡಿಸಲುಗಳ ಲೈನು. ನೆಲದ ಕೆಳಗೆ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಇಲ್ಲೇ, 1934ರಲ್ಲಿ.

ಅದೇ ಊರಿನಲ್ಲಿ ಒಣ ಕಕ್ಕಸುಗಳು ಇದ್ದವು. ಗಣಿಗೆ ಇಳಿಯುವವನಿಗಿಂತಲೂ ಕೆಳಗೆ, ಆ ಕಕ್ಕಸುಗಳನ್ನು ಬಳಿಯುವ ಕುಟುಂಬಗಳಿದ್ದವು. ಅಂಥ ಒಂದು ಕುಟುಂಬದಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತನ್ನೂರಿನ ಕಕ್ಕಸುಗಳ ಬಗ್ಗೆ ಅಧಿಕಾರಿಗಳಿಗೆ, ಪ್ರಧಾನಿಗೆ ಪತ್ರ ಬರೆದು, ಫೋಟೋ ತೆಗೆದು, ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದ್ದು ಈಗ ಎಲ್ಲರಿಗೂ ಗೊತ್ತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಗಮನಿಸಿ ಎನ್ನುವುದು ವರ್ಷಗಳನ್ನು. 1902ರಲ್ಲಿ ವಿದ್ಯುತ್ತು ಬಂದ ಊರಿನಲ್ಲಿ 1990ರ ದಶಕದಲ್ಲೂ ಕೈಯಲ್ಲಿ ಮಲ ಬಳಿಯಬೇಕಾಗಿತ್ತು. ಚಿನ್ನ ತೆಗೆಯಲು 3 ಕಿಲೋಮೀಟರು ಆಳಕ್ಕೆ ಇಳಿದ ತಂತ್ರಜ್ಞಾನಕ್ಕೆ ಒಂದು ಪೈಪು ಹಾಕಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಲಾಭ ಇರಲಿಲ್ಲ, ಅಷ್ಟೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಡವಾಳ ಎದ್ದು ಹೋಯಿತು. ಸೈನೈಡು ಬೆರೆತ ಮಣ್ಣಿನ ಗುಡ್ಡಗಳೂ ಕೆಮ್ಮೂ ಉಳಿದವು.

4

ಕರ್ನಾಟಕದಲ್ಲಿ ಬಕೆಟ್ಟಿಗೆ ಮೊದಲ ದೊಡ್ಡ ಏಟು ಕೊಟ್ಟಿದ್ದು ಬಿ. ಬಸವಲಿಂಗಪ್ಪ. 1970ರ ದಶಕದ ಮೊದಲ ವರ್ಷಗಳಲ್ಲಿ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದಾಗ, ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಕಾನೂನು ಈ ಮಾತಾಡಿದ್ದು ಎರಡು ದಶಕಗಳ ನಂತರ, 1993ರಲ್ಲಿ. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಅಂದರು. ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಕಿಚ್ಚಿನಿಂದ ದಲಿತ ಸಂಘರ್ಷ ಸಮಿತಿ ಮತ್ತು ಬಂಡಾಯದ ತಲೆಮಾರು ಎದ್ದಿತು. ಈ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ.

ನನ್ನನ್ನು ಕಾಡುವುದು ಇಷ್ಟೆ: ನಮ್ಮ ವಿಮರ್ಶೆ ಬೂಸಾವನ್ನು ನೆನಪಿಟ್ಟುಕೊಂಡಿತು, ಬಕೆಟ್ಟನ್ನು ಮರೆಯಿತು. ಬೂಸಾ ಮಾತಿನ ಮೇಲೆ ಐವತ್ತು ವರ್ಷದಿಂದ ಲೇಖನಗಳು, ವಿಚಾರ ಸಂಕಿರಣಗಳು ಬರುತ್ತಲೇ ಇವೆ. ಮಲ ಹೊರುವುದನ್ನು ನಿಲ್ಲಿಸಿದ ಆದೇಶವನ್ನು ಸಾಂಸ್ಕೃತಿಕ ಘಟನೆ ಎಂದು ಓದಿದವರು ಕಡಿಮೆ. ಅದೂ ಒಂದು ವಿಮರ್ಶೆಯೇ ಆಗಿತ್ತು. ಸಾಹಿತ್ಯದ ಬಗ್ಗೆ ಆಡಿದ ಮಾತು ಪುಸ್ತಕದ ಕಪಾಟನ್ನು ಅಲ್ಲಾಡಿಸಿದರೆ, ಆ ಆದೇಶ ಮನೆ ಮನೆಯ ನಕ್ಷೆಯನ್ನೇ ತಿದ್ದಿತು. ಗಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿಸಿದ್ದು ಅದೇ. ಎರಡೂ ಒಂದೇ ಬಾಯಿಂದ, ಒಂದೇ ಸಿಟ್ಟಿನಿಂದ ಬಂದವು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಬಸವಲಿಂಗಪ್ಪನವರನ್ನು ಅರ್ಧ ಓದಿದ ಹಾಗೆ.

ನವ್ಯರ ಬರವಣಿಗೆಯಲ್ಲಿ ನಗರ ಅಂದರೆ ಅನಾಥಪ್ರಜ್ಞೆ, ಬೇರು ಕಳಕೊಂಡ ನೋವು. ನಮ್ಮವರಿಗೆ ಆ ನೋವು ಪೂರ್ತಿ ದಕ್ಕುವುದಿಲ್ಲ. ಹಳ್ಳಿಯಲ್ಲಿ ಬೇರು ಎಲ್ಲಿತ್ತು ಅನ್ನೋದು ನಮಗೆ ಗೊತ್ತು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟರು. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದ ಹುಡುಗನಿಗೆ ನಗರ ಶಾಲೆ ಕೊಟ್ಟಿತು, ಹಾಸ್ಟೆಲು ಕೊಟ್ಟಿತು, ಭಾಷಣಕ್ಕೆ ಮೈಕು ಕೊಟ್ಟಿತು. ಶ್ರೀರಾಮಪುರಕ್ಕೂ ಮಲ್ಲೇಶ್ವರಕ್ಕೂ ನಡಿಗೆಯ ದೂರ. ಆ ದೂರದೊಳಗೆ ಊರೂ ಕೇರಿಯೂ ಇದ್ದವು.

ನಿಷೇಧದ ನಂತರ ನಮ್ಮ ತಾತ ಏನಾದರು? ಬಕೆಟ್ಟು ಹೋಗಿ ಮ್ಯಾನ್‌ಹೋಲು ಬಂತು. ಮೇಲೆ ಹೊರುತ್ತಿದ್ದವರು ಕೆಳಗೆ ಇಳಿದರು. 1964ರಲ್ಲಿ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂದ ಮೇಲೆ ಪೈಪುಗಳು ಹರಡಿದವು ನಿಜ, ಆದರೆ ಪೈಪು ಕಟ್ಟಿಕೊಂಡಾಗ ಬಿಡಿಸಲು ಕರೆಯುತ್ತಿದ್ದದ್ದು ಅದೇ ಕಾಲೋನಿಯ ಜನರನ್ನೇ. 1976ರ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ ನಮ್ಮಂಥವರ ಮನೆ, ಸಂಬಳ, ಆರೋಗ್ಯಗಳನ್ನು ಮೊದಲ ಬಾರಿಗೆ ಸರಿಯಾಗಿ ಎಣಿಸಿತು. 500 ಜನಕ್ಕೆ ಒಬ್ಬ ಕಾರ್ಮಿಕ ಇರಬೇಕು ಎಂದಿತು. ಜಾಡಮಾಲಿ ಎಂಬ ಹೆಸರು ಹೋಗಿ ಪೌರಕಾರ್ಮಿಕ ಎಂಬ ಹೆಸರು ಬಂದದ್ದು ಆ ವರದಿಯಿಂದ. ಮುಂದೆ ಸರ್ಕಾರ 700 ಜನಕ್ಕೆ ಒಬ್ಬ ಎಂದು ಬದಲಿಸಿತು. ಗುತ್ತಿಗೆ ಬಂತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತ ಮೇಲೆ ಖಾಯಂ ಮಾಡುವ ಭರವಸೆ ಬಂತು. 2025ರ ಮೇ ದಿನ ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಅವರಲ್ಲಿ ಬಹುಪಾಲು ಹೆಂಗಸರು. ಇದು ಯಾರೂ ಕೊಟ್ಟ ಭಿಕ್ಷೆಯಲ್ಲ, ಹೋರಾಟದ ಫಲ. ನಮ್ಮಜ್ಜಿ ಇದ್ದಿದ್ದರೆ ಆ ಕಾಗದವನ್ನು ದೇವರ ಗೂಡಿನಲ್ಲಿ ಇಡುತ್ತಿದ್ದರು. ಮೂವತ್ತು ವರ್ಷ ಬೀದಿ ಗುಡಿಸಿದ ಅವರು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುತ್ತಿರಲಿಲ್ಲ. ಯಾಕೆಂದರೆ ಊರಿನ ಕಕ್ಕಸೆಲ್ಲ ತೊಳೆದವರ ಮನೆಯವರಿಗೆ, ಆ ಊರಿನಲ್ಲಿ ಹೋಗಲು ಒಂದು ಕಕ್ಕಸು ಇರಲಿಲ್ಲ.

5

ತಾತನ ಜೊತೆ ಅವತ್ತು ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಗಾಜಿನ ಒಂದು ದೊಡ್ಡ ಅಪಾರ್ಟ್‌ಮೆಂಟು ಕಾಣಿಸಿತು. 'ಇದಕ್ಕೆ ಹಿಂದಲ ಸಂದಿ ಎಲ್ಲಿದೆಯಪ್ಪ?' ಅಂದರು. 'ಇಲ್ಲ ತಾತ, ಈಗ ಹಂಗೆ ಕಟ್ಟಲ್ಲ' ಅಂದೆ. ನಾನು ಹೇಳಿದ್ದು ತಪ್ಪು ಅಂತ ಗೊತ್ತಾಗಿದ್ದು ಪಾಠ ಮಾಡಲು ಬಂದ ಮೇಲೆ.

ನನ್ನ ವಿದ್ಯಾರ್ಥಿಯೊಬ್ಬ ತನ್ನಣ್ಣನ ಬಗ್ಗೆ ಹೆಮ್ಮೆಯಿಂದ ಹೇಳಿದ್ದ: 'ಸಾರ್, ನಮ್ಮಣ್ಣ ಎಸ್‌ಟಿಪಿ ಆಪರೇಟರ್.' ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧಮಾಡಿ ಕಕ್ಕಸಿಗೆ, ಗಿಡಕ್ಕೆ ಮತ್ತೆ ಬಳಸಬೇಕೆಂದು ನಿಯಮ ಬಂದಿದೆ. ಒಳ್ಳೆಯ ನಿಯಮವೇ. ಕಾವೇರಿಯಿಂದ ಸುಮಾರು 100 ಕಿಲೋಮೀಟರು ನೀರೆತ್ತಿ ತರುವ ಊರಿನಲ್ಲಿ ನೀರನ್ನು ಎರಡು ಸಲ ಬಳಸುವುದು ವಿವೇಕ. ಆ ಅಣ್ಣನನ್ನು ನೋಡಲು ಹೋದೆ. ಮೇಲೆ ಸ್ವಾಗತದ ಕೋಣೆಯಲ್ಲಿ ಹಸಿರು ಕಟ್ಟಡದ ಫಲಕ ಹೊಳೆಯುತ್ತಿತ್ತು. ಅಣ್ಣ ಇದ್ದದ್ದು ಎರಡನೇ ಬೇಸ್‌ಮೆಂಟಿನಲ್ಲಿ, ಕಾರುಗಳ ಕೆಳಗೆ. 12 ಗಂಟೆ ಪಾಳಿ. ತಲೆಗೆ ಸೂರು ತಗಲುವಷ್ಟು ತಗ್ಗು. ಮೋಟಾರಿನ ಸದ್ದಿಗೆ ನಾವಿಬ್ಬರೂ ಕೂಗಿ ಮಾತಾಡಬೇಕಾಯಿತು. ನಾನು ಆವತ್ತು ಕಂಡಿದ್ದು ತಾತ ಕೇಳಿದ ಸಂದಿ. ಅದು ಅಡ್ಡಕ್ಕಿದ್ದದ್ದು ಈಗ ಆಳಕ್ಕೆ ಇಳಿದಿದೆ.

ಅದು ಕೆಳಗಿರುವುದಕ್ಕೆ ಕಾರಣ ವಿಜ್ಞಾನವಲ್ಲ, ಚದರಡಿ. ನೆಲದ ಮೇಲಿನ ಪ್ರತಿ ಚದರಡಿಗೂ ಬೆಲೆಯಿದೆ. ಮಾರಲಾಗದ ಜಾಗ ಬೇಸ್‌ಮೆಂಟಿನ ಮೂಲೆ ಮಾತ್ರ. ಹಾಗಾಗಿ ಗಾಳಿಯಾಡದ ಜಾಗದಲ್ಲಿ, ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿಯ ತೊಟ್ಟಿಗಳು. ತೊಟ್ಟಿಯ ತಳದಲ್ಲಿ ಕೆಸರು ಕೂರುತ್ತದೆ. ಗಾಳಿಯಿಲ್ಲದೆ ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಅಂದುಕೊಂಡವನು ನಾಲ್ಕು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಸತ್ತವರು ಇಬ್ಬರು ಮೂವರು ಇರುವುದು ಇದಕ್ಕೇ.

ಕಾನೂನು ಇಲ್ಲವೇ? ಇದೆ. 2013ರ ಕಾಯಿದೆ ಒಳಚರಂಡಿ ಮತ್ತು ಮಲಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಯನ್ನು ನಿಷೇಧಿಸಿದೆ. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಗುಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಕಾಯಿದೆಯ ಒಳಗೇ ಒಂದು ಗಿಂಡಿ ಇದೆ. ರಕ್ಷಣಾ ಸಾಮಗ್ರಿ ಕೊಟ್ಟು ಇಳಿಸಿದರೆ ಅದು 'ಅಪಾಯಕಾರಿ'ಯಲ್ಲ, ಹಾಗೆ ಇಳಿದವನು ಮಲ ಬಳಿಯುವವನೂ ಅಲ್ಲ. ಕೈಗೆ ರಬ್ಬರು ಗ್ಲೌಸು ಹಾಕಿದರೆ ಜಾತಿ ಮಾಯ! ಪರಿಹಾರದ ಲೆಕ್ಕ ನೋಡಿದರೆ ಚಾಡ್ವಿಕ್ ಮತ್ತೆ ನೆನಪಾಗುತ್ತಾನೆ. ಸಾವಿನ ಬೆಲೆ ಚರಂಡಿಯ ಬೆಲೆಗಿಂತ ಹೆಚ್ಚಾದ ದಿನ ಬಂಡವಾಳ ಚರಂಡಿ ಕಟ್ಟುತ್ತದೆ. ಆ ದಿನ ಬರಲಿ ಅಂತ ನಾವು ಎಷ್ಟು ಹೆಣ ಎಣಿಸಬೇಕು?

ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಪದ್ಧತಿ ನಮ್ಮ ದೇಶದಲ್ಲಿ 2001ರ ನಂತರ ಬೇರೂರಿತು. ನಿವೇಶನ, ನೀರು, ವಿದ್ಯುತ್ತು, ಸಾಮಗ್ರಿ, ಒಳಗಿನ ಗಾಳಿ, ಇವು ಅದರ ಮುಖ್ಯ ತಲೆಬರಹಗಳು. ಎಷ್ಟು ನೀರು ಮತ್ತೆ ಬಳಕೆಯಾಯಿತು ಎಂಬುದಕ್ಕೆ ಅಂಕ ಸಿಗುತ್ತದೆ. ಆ ನೀರನ್ನು ಶುದ್ಧಮಾಡಲು ಯಾರು ಯಾವ ಗಾಳಿ ಕುಡಿದರು ಎಂಬುದು ಯಾವ ತಲೆಬರಹದಲ್ಲೂ ಇಲ್ಲ. ಒಳಗಿನ ಗಾಳಿ ಅಂದರೆ ಫ್ಲಾಟಿನ ಒಳಗಿನ ಗಾಳಿ, ತೊಟ್ಟಿಯ ಒಳಗಿನದಲ್ಲ.

ಇದೇ ನಗರ ಬಡವರಿಗೆ ಕಟ್ಟಿಕೊಟ್ಟ ಮನೆಗಳ ಗತಿಯನ್ನೂ ಪಕ್ಕಕ್ಕಿಟ್ಟು ನೋಡಬೇಕು. ಈಜಿಪುರದ ಬಡವರ ವಸತಿಗೃಹಗಳು ಕಟ್ಟಿ ಎರಡು ದಶಕ ತುಂಬುವ ಮೊದಲೇ ಕುಸಿಯತೊಡಗಿದವು. ದುರಸ್ತಿಯ ಬದಲು ಆ ನೆಲವನ್ನು ಖಾಸಗಿ ಸಹಭಾಗಿತ್ವದ ಯೋಜನೆಗೆ ಕೊಟ್ಟರು. 2013ರ ಜನವರಿಯ ಚಳಿಯಲ್ಲಿ, ಹೆಚ್ಚಾಗಿ ದಲಿತರು ಮತ್ತು ಮುಸ್ಲಿಮರಿದ್ದ ಆ ಜಾಗದ ಮೇಲೆ ಬುಲ್ಡೋಜರು ಹರಿಯಿತು. ಮೇಲ್ಜಾತಿಯ ಬಡಾವಣೆಯ ಮನೆ ನೂರಿಪ್ಪತ್ತು ವರ್ಷ ನಿಂತು 'ಪರಂಪರೆ'ಯಾಗುತ್ತದೆ. ಬಡವರ ಮನೆ ಇಪ್ಪತ್ತು ವರ್ಷಕ್ಕೆ ಬಿದ್ದು 'ಹೂಡಿಕೆಯ ಅವಕಾಶ'ವಾಗುತ್ತದೆ. ಸುಸ್ಥಿರತೆ ಅಂದರೆ ಬಾಳಿಕೆ ಅಂತಾದರೆ, ಯಾರ ಮನೆ ಬಾಳಬೇಕು ಎಂಬುದು ಎಂಜಿನಿಯರಿಂಗಿನ ಪ್ರಶ್ನೆ ಮಾತ್ರ ಅಲ್ಲ.

ಕೋಲಾರದ ಕಥೆಯೂ ಇನ್ನೊಂದು ಸುತ್ತು ಬಂದಿದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಅಳತೆ ದಿನಕ್ಕೆ 44 ಕೋಟಿ ಲೀಟರು. ಬತ್ತಿದ ಕೆರೆ ತುಂಬಿತು, ಕೊಳವೆಬಾವಿಗೆ ನೀರು ಬಂತು ಎಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಎಂದು ಹೋರಾಡುತ್ತಿರುವ ರೈತರೂ ಇದ್ದಾರೆ. ಚಿನ್ನ ಕೊಟ್ಟ ಜಿಲ್ಲೆಗೆ ನಗರ ಕೊಟ್ಟಿದ್ದು ತನ್ನ ಕೊಳಚೆ. ಅದನ್ನಾದರೂ ಪೂರ್ತಿ ತೊಳೆದು ಕೊಡಿ ಅಂತ ಕೇಳುವುದು ಅತಿಯಾಸೆಯೇನಲ್ಲ.

6

ಹಾಗಾದರೆ ಹಸಿರು ಕಟ್ಟಡ ಬೇಡವೆ? ಬೇಕು. ಬಿಸಿಲು ಏರಿದರೆ ಮೊದಲು ಬೇಯುವುದು ತಗಡಿನ ಸೂರಿನ ಕೆಳಗಿರುವವರು, ಮಳೆ ಹೆಚ್ಚಾದರೆ ಮೊದಲು ಮುಳುಗುವುದು ರಾಜಕಾಲುವೆಯ ಪಕ್ಕದ ಕೇರಿ. ಪರಿಸರದ ಪ್ರಶ್ನೆಯನ್ನು ಮೇಲ್ಜಾತಿಯವರ ಹವ್ಯಾಸ ಎಂದು ನಾವು ತಳ್ಳಿಹಾಕಿದರೆ ನಷ್ಟ ನಮಗೇ. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮೆಟ್ಟಿಲ ಮೇಲೆ ಕೂರಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಆ ಮೆಟ್ಟಿಲನ್ನು ಕಾಂಕ್ರೀಟಿನಲ್ಲಿ ಹುಡುಕುವುದು ಈಗ ನಮ್ಮ ಕೆಲಸ.

ಅದಕ್ಕೆ ಒಂದೇ ಒಂದು ಅಳತೆಗೋಲು ಸಾಕು: ಈ ಕಟ್ಟಡ ನಡೆಯಬೇಕಾದರೆ ಯಾರಾದರೂ ಗುಂಡಿಗೆ ಇಳಿಯಬೇಕಾ? ಇಳಿಯಬೇಕು ಅಂತಾದರೆ ಅದು ಸುಸ್ಥಿರವಲ್ಲ, ಎಷ್ಟು ಅಂಕ ಬಂದಿದ್ದರೂ ಸರಿ. ಇದು ಆಗದ ಮಾತಲ್ಲ. ತೊಟ್ಟಿಯ ತಳವನ್ನು ಆಲಿಕೆಯ ಹಾಗೆ ಇಳಿಜಾರು ಮಾಡಿದರೆ ಕೆಸರು ಒಂದೇ ಕಡೆ ಸೇರುತ್ತದೆ, ಹೊರಗಿನಿಂದಲೇ ಪಂಪಿನಲ್ಲಿ ಎಳೆಯಬಹುದು. ಮೋಟಾರುಗಳನ್ನು ಮೇಲಕ್ಕೆ ಎತ್ತಿಕೊಳ್ಳುವಂತೆ ಹಳಿಯ ಮೇಲೆ ಕೂರಿಸಬಹುದು. ಘಟಕವನ್ನು ಬೇಸ್‌ಮೆಂಟಿನಿಂದ ನೆಲಕ್ಕೆ, ಗಾಳಿಗೆ ತರಬಹುದು. ಖರ್ಚಾಗುವುದು ಒಂದಷ್ಟು ಚದರಡಿ. ನಕ್ಷೆಗೆ ಮಂಜೂರಾತಿ ಕೊಡುವ ಮೇಜಿನ ಮೇಲೆಯೇ ಇದನ್ನು ಕೇಳಬೇಕು, ಹೆಣ ಎದ್ದ ಮೇಲಲ್ಲ. ಹಸಿರು ಬಾಂಡು, ಹಸಿರು ಸಾಲ ಎಂದು ಹೊರಡುವ ಹಣದ ಷರತ್ತುಗಳಲ್ಲೂ ಈ ಸಾಲು ಸೇರಬೇಕು. ಚಳವಳಿಯ ಗೆಳೆಯರು ನಗರಪಾಲಿಕೆಯ ಬೈಲಾ ಓದುವ ಅಭ್ಯಾಸ ಮಾಡಿಕೊಳ್ಳಬೇಕು. ಬಸವಲಿಂಗಪ್ಪನವರು ಆದೇಶದ ಭಾಷೆಯಲ್ಲೂ ಸಿಟ್ಟು ತೋರಿಸಬಹುದು ಎಂದು ತೋರಿಸಿಕೊಟ್ಟಿದ್ದಾರೆ.

ವಿಮರ್ಶಕ ಮಿತ್ರರಲ್ಲಿ ಒಂದು ಅರಿಕೆ. ಪಠ್ಯ ಅಂದರೆ ಪುಸ್ತಕ ಮಾತ್ರ ಎಂದುಕೊಂಡಿದ್ದು ಸಾಕು. ಮನೆಯ ನಕ್ಷೆಯೂ, ಬಡಾವಣೆಯ ಅಳತೆಯೂ ಜಾತಿ ಬರೆದ ಪಠ್ಯಗಳೇ. ನಾನು ಈಗ ಪ್ರತಿವರ್ಷ ವಿದ್ಯಾರ್ಥಿಗಳಿಗೆ ಅವರವರ ಬೀದಿಯ ನಕ್ಷೆಯನ್ನು ಹಿಂದಿನಿಂದ ಬರೆದುಕೊಂಡು ಬನ್ನಿ ಅನ್ನುತ್ತೇನೆ. ಕೊಳಚೆ ಎಲ್ಲಿಗೆ ಹೋಗುತ್ತೆ, ಕಸ ಯಾರು ಎತ್ತುತ್ತಾರೆ, ಅವರ ಮನೆ ಎಲ್ಲಿದೆ, ಆ ಮನೆಗೆ ಕಕ್ಕಸಿದೆಯಾ. ಮೊದಲ ವಾರ ನಗುತ್ತಾರೆ. ಎರಡನೇ ವಾರ ಕೆಲವರು ಬರೀ ಹಾಳೆ ತಂದು, 'ಸಾರ್, ಗೊತ್ತಾಗಲಿಲ್ಲ' ಅನ್ನುತ್ತಾರೆ. ಅಲ್ಲಿಂದ ಪಾಠ ಶುರುಮಾಡುತ್ತೇನೆ.